ಹೊಸ್ತಿಲಾಚೆಯ ನಾನಖಟಾಯಿ

ಮೈನಾ ದಳದ ಹುಡುಗಿಯರಿಗೆಲ್ಲ ಪ್ರಮಿಳಾ ಮೇಡಂ ಒಂದೊಂದು ಹಳದಿ ಕಾರ್ಡು ಕೊಟ್ಟಿದ್ದರು. ಮನೆ ಮನೆಗೆ ಹೋಗಿ ಬಿಸ್ಕೀಟು ಮಾರುವ ಮಕ್ಕಳು ಪಾಲಿಸಬೇಕಾದ ಹತ್ತು ನಿಯಮಗಳು ಅದರ ಮೇಲೆ ಅಚ್ಚಾಗಿದ್ದವು. ಹನ್ನೊಂದನೆಯದೂ ಒಂದಿತ್ತು. ಅದನ್ನು ಮೇಡಂ ಕೆಂಪು ಪೆನ್ನಿನಲ್ಲಿ ಕೈಯಾರೆ ಬರೆದಿದ್ದರು, ಅದೂ ಹದಿನೆಂಟು ಕಾರ್ಡುಗಳ ಪೈಕಿ ಒಂದರ ಮೇಲೆ ಮಾತ್ರ.

‘ಕೊಳ್ಳುವವರ ಧ್ವನಿಯಲ್ಲಿ ಮಾತಾಡಿ ತೋರಿಸಬಾರದು. ಕೊಳ್ಳದವರ ಧ್ವನಿಯಲ್ಲಿಯೂ.’

ಆ ಕಾರ್ಡು ಪದ್ಮಶ್ರೀಯದು.

ಪದ್ಮಶ್ರೀಗೆ ಹನ್ನೊಂದು ವರ್ಷ. ಅವಳ ಗಂಟಲಿಗೆ ಮಾತ್ರ ಎಲ್ಲ ವಯಸ್ಸೂ. ಟಿಳಕವಾಡಿಯ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಅವಳ ಅವ್ವ ನಾಗರತ್ನಾ ಮೊದಲು ಮಗಳ ಬಾಯಿ ನೋಡುತ್ತಿದ್ದಳು, ಆಮೇಲೆ ಗ್ಯಾಸು ಆರಿಸುತ್ತಿದ್ದಳು. ಹತ್ತು ನಿಯಮಗಳನ್ನೂ ಹುಡುಗಿ ಒಂದೇ ಸಂಜೆಗೆ ಬಾಯಿಪಾಠ ಮಾಡಿದ್ದಳು, ಒಂದೊಂದನ್ನು ಒಬ್ಬೊಬ್ಬರ ಧ್ವನಿಯಲ್ಲಿ. ‘ಒಬ್ಬರೇ ಹೋಗಬಾರದು, ಜೋಡಿಯಾಗಿಯೇ ಹೋಗಬೇಕು’ ಎಂಬುದನ್ನು ಲಗ್ನ ಮಾಡಿಸುವ ಅಯ್ಯನವರ ಧ್ವನಿಯಲ್ಲಿ. ‘ಮಾರುವ ಮಾಲನ್ನು ತಿನ್ನಬಾರದು’ ಎಂಬುದನ್ನು ಬಾಯಿ ತುಂಬ ತುರುಕಿಕೊಂಡವರ ಧ್ವನಿಯಲ್ಲಿ. ‘ಕೊಳ್ಳದಿದ್ದರೂ ನಗುತ್ತ ಥ್ಯಾಂಕ್ಯೂ ಹೇಳಬೇಕು’ ಎಂಬುದನ್ನು ಹಲ್ಲು ಕಚ್ಚಿಕೊಂಡು.

“ನಿಯಮದಾಗ ಯಮ ಅದಾನವಾ, ಹುಷಾರ,” ಎಂದಿದ್ದ ಅವಳ ಅಪ್ಪ. ಮಗಳಿಗೆ ಈ ಬಾಯಿರೋಗ ಯಾರ ಕಡೆಯಿಂದ ಬಂತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಬಿಸ್ಕೀಟು ಮಾರುವುದಾದರೂ ಏಕೆಂದರೆ ಡೇರೆಗಳಿಗಾಗಿ. ಡಿಸೆಂಬರಿನಲ್ಲಿ ಮೈನಾ ದಳದ್ದು ಮೂರು ದಿನದ ಕಾಡು ಶಿಬಿರ. ಇದ್ದ ಹಳೆಯ ಡೇರೆಗಳೊಳಗೆ ಮಲಗಿದರೆ ನಕ್ಷತ್ರ ಕಾಣುತ್ತಿದ್ದವು. ಡೇರೆಗೆ ಅದು ಭೂಷಣವಲ್ಲ. ಹೊಸವು ಬೇಕೆಂದು ಹುಡುಗಿಯರೆಲ್ಲ ತಮ್ಮ ತಮ್ಮ ಮನೆಯಿಂದ ಹಿಟ್ಟು, ಸಕ್ಕರೆ, ತುಪ್ಪ ಡಬ್ಬಿಗಳಲ್ಲಿ ಹೊತ್ತು ಶಹಾಪುರದ ಗನಿ ಚಾಚಾನ ಭಟ್ಟಿಗೆ ಹೋಗಿದ್ದರು. ನಮ್ಮ ಸಾಮಾನು, ನಿಮ್ಮ ಬೆಂಕಿ ಎಂಬ ಹಳೆಯ ಕರಾರಿನ ಭಟ್ಟಿ ಅದು. ಕಾವಿನ ಮುಂದೆ ಸರತಿಯಲ್ಲಿ ಕುಳಿತು, ತಮ್ಮ ತಮ್ಮ ತಗಡಿನ ಮೇಲೆ ಕಣ್ಣಿಟ್ಟು, ನಾನಖಟಾಯಿ ಬೇಯಿಸಿಕೊಂಡು ಬರಬೇಕು. ಆ ಘಮದ ನಡುವೆ ‘ತಿನ್ನಬಾರದು’ ಎಂಬ ನಾಲ್ಕನೆಯ ನಿಯಮ ಪಾಲಿಸಿದ ಹದಿನೆಂಟು ಮಕ್ಕಳಿಗೆ ನಿಜವಾಗಿ ಶೌರ್ಯ ಪದಕವನ್ನೇ ಕೊಡಬೇಕಿತ್ತು.

ಶಿಬಿರದ ಎರಡನೆಯ ದಿನ ಬೆಂಕಿಯ ಸುತ್ತ ಕೂಡುವ ಕಾರ್ಯಕ್ರಮದಲ್ಲಿ ಪೂರ್ತಿ ಒಂದು ತಾಸು ಪದ್ಮಶ್ರೀಯದೆಂದು ನಿಶ್ಚಯವಾಗಿತ್ತು. ದಸರೆಯಿಂದಲೇ ಅವಳು ಅದಕ್ಕೆ ತಾಲೀಮು ನಡೆಸಿದ್ದಳು. ಬಸ್ಸು ನಿಲ್ಲಿಸದೆ ಹೋಗುವ ಕಂಡಕ್ಟರು, ಸಾಲಿಯ ಗಂಟೆ, ಒಲ್ಲದ ಮನಸ್ಸಿನಿಂದ ಸ್ಟಾರ್ಟಾಗುವ ಸ್ಕೂಟರು, ಎಲ್ಲ ತಯಾರಾಗಿದ್ದವು. ಆ ತಾಸು ಈಗ ಕುತ್ತಿಗೆಯ ನೀಲಿ ಸ್ಕಾರ್ಫಿನ ಗಂಟಿನಲ್ಲಿ ಸಿಕ್ಕಿಕೊಂಡಿತ್ತು.

ಕಾರಣ ಹಿಂದವಾಡಿಯಲ್ಲಿ ನಡೆದ ಪ್ರಕರಣ. ಹೋದ ರವಿವಾರ ಅಲ್ಲಿಯ ಒಂದು ಅಪಾರ್ಟಮೆಂಟಿನಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ. ಕೆಳಗೆ ವಾಚಮನ್ನನ ಕೋಣೆಯಲ್ಲಿ ಇಂಟರ್‌ಕಾಮ್ ಇತ್ತು, ಪದ್ಮಶ್ರೀಯ ಬಾಯಿಯೂ ಇತ್ತು. ಆ ಕಟ್ಟಡದ ಸೆಕ್ರೆಟರಿ ಬಂಡೆಪ್ಪನವರು ಹೊರಗೆ ಹೋಗುವಾಗ ವಾಚಮನ್ನನಿಗೆ ಎರಡೇ ಮಾತು ಹೇಳಿದ್ದರು. ಅವರ ಧ್ವನಿ ಹಿಡಿಯಲು ಅವಳಿಗೆ ಅಷ್ಟು ಸಾಕಾಗಿತ್ತು. “ಹ್ಞಾಂ... ಎಲ್ಲಾ ಸದಸ್ಯರ ಗಮನಕ್ಕ... ಖರ‍್ರ್... ತಾಬಡತೋಬ ಕೆಳಗ ಬರ್ರಿ.” ನೀರಿನ ಟ್ಯಾಂಕರ್ ಬಂತೆಂದು ತಿಳಿದು ಇಡೀ ಕಟ್ಟಡವೇ ಬಕೀಟು ಹಿಡಿದು ಇಳಿಯಿತು. ಬಂದ ತಪ್ಪಿಗೆ ಒಬ್ಬೊಬ್ಬರು ಒಂದೊಂದು ಪೊಟ್ಟಣ ಕೊಂಡರು. ಅಷ್ಟರಲ್ಲಿ ಬಂಡೆಪ್ಪನವರು ಕಾಯಿಪಲ್ಯದ ಚೀಲದೊಂದಿಗೆ ಆಟೋದಿಂದ ಇಳಿದರು.

“ಇನ್ನ ಒಂದ ನಿಯಮ ಮುರದೀ ಅಂದ್ರ,” ಎಂದಿದ್ದರು ಮೇಡಂ, ಕೆಂಪು ಪೆನ್ನಿನ ಮುಚ್ಚಳ ಹಾಕುತ್ತ, “ಸ್ಕಾರ್ಫ್ ಬಿಚ್ಚಿ ನನ್ನ ಕೈಯಾಗ ಕೊಡು. ಶಿಬಿರಾನೂ ಇಲ್ಲ, ಏನೂ ಇಲ್ಲ.”

ಪ್ರಮಿಳಾ ಮೇಡಂ ಕೆಟ್ಟವರಲ್ಲ. ಹೇಳಿದ್ದನ್ನು ಮಾಡುವವರು, ಅಷ್ಟೇ. ಮಕ್ಕಳಿಗೆ ಅದಕ್ಕಿಂತ ಭಯಂಕರವಾದದ್ದು ಬೇರೆ ಇಲ್ಲ.

ಮುಂದಿನ ರವಿವಾರ ಪದ್ಮಶ್ರೀಯ ಜೋಡಿಗೆ ಖಾನಾಪುರ ಬಂತು. ಬೆಳಗಾವಿಯಿಂದ ಒಂದು ತಾಸಿನ ಹಾದಿ. ಅಲ್ಲಿ ಇಂಟರ್‌ಕಾಮ್ ಇಲ್ಲ, ಅವಳ ಅವ್ವನ ಚಿಗವ್ವ ನಿಂಗವ್ವ ಇದ್ದಾಳೆ, ಬಳಗದ ಓಣಿ, ಮಾರಾಟ ಸರಾಗ ಎಂದು ಮೇಡಂ ಲೆಕ್ಕ ಹಾಕಿದ್ದರು. ಜೋಡಿಯ ಇನ್ನೊಂದು ಅರ್ಧ ಸನಮ, ಗನಿ ಚಾಚಾನ ಮೊಮ್ಮಗಳು. ಸನಮಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ತಾನಾಗಿಯೇ ಹೊರಗೆ ಬೀಳುತ್ತಿತ್ತು.

ಬಸ್ಸಿನಲ್ಲಿ ಮೇಡಂ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಾಗ ಪದ್ಮಶ್ರೀ ಮೆಲ್ಲಗೆ, ಅವ್ವನ ಧ್ವನಿಯಲ್ಲಿ, ಸನಮಳಿಗೆ ಒಂದು ಮನೆಯ ಗುಟ್ಟು ಹೇಳಿದಳು. ನಿಂಗವ್ವನ ಮೊಮ್ಮಗ ಸುಜಯನ ಲಗ್ನದಲ್ಲಿ ನಿಂಗವ್ವ ಅವ್ವನಿಗೆ ಉಡುಗೊರೆಯಾಗಿ ಆಯೇರಿ ಮಾಡಿದ್ದ ಸೀರೆ ಮನೆಯಲ್ಲಿ ಬಿಚ್ಚಿ ನೋಡಿದಾಗ ಅವ್ವ ಅಂದ ಮಾತು ಅದು: “ಇದೇನ ಸೀರೀನೋ, ಸೊಳ್ಳಿ ಪರದೀನೋ?” ಸನಮ ಡಬ್ಬದ ಮೇಲೆ ಬಿದ್ದು ಬಿದ್ದು ನಕ್ಕಳು. ಹನ್ನೊಂದನೆಯ ನಿಯಮ ಬಸ್ಸಿಗೆ ಅನ್ವಯಿಸುವುದಿಲ್ಲ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದರು; ಬಸ್ಸಿನಲ್ಲಿ ಯಾರೂ ಕೊಳ್ಳುವವರೂ ಅಲ್ಲ, ಕೊಳ್ಳದವರೂ ಅಲ್ಲ.

ಖಾನಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಆ ಓಣಿ. ಎರಡೂ ಬದಿ ಹಂಚಿನ ಮನೆಗಳು, ಪ್ರತಿ ಮನೆಯ ಮುಂದೆ ಸಾರಿಸಿದ ಕಟ್ಟೆ. ಮೇಡಂ ಲೈಟಿನ ಕಂಬದ ಹತ್ತಿರ ನಿಂತರು. ‘ದೊಡ್ಡವರೊಬ್ಬರು ಕಣ್ಣಿಗೆ ಕಾಣುವಷ್ಟು ದೂರದಲ್ಲಿರಬೇಕು, ಮಾರಾಟದಲ್ಲಿ ಬಾಯಿ ಹಾಕಬಾರದು’ ಎಂದು ಐದನೆಯ ನಿಯಮ ಹೇಳುತ್ತದೆ. ಪದ್ಮಶ್ರೀ ಸ್ಕಾರ್ಫು ಸರಿ ಮಾಡಿಕೊಂಡು ಮೊದಲ ಮನೆಯ ಚಿಲಕ ಬಡಿದಳು.

“ಕೋಣ?” ಒಳಗಿನಿಂದ ಹೆಂಗಸಿನ ಧ್ವನಿ ಬಂತು. ಯಾರು ಅಂತ ಮರಾಠಿಯಲ್ಲಿ.

“ಕೋಣ ಅಲ್ಲರಿ, ಮೈನಾ!” ಎಂದಳು ಪದ್ಮಶ್ರೀ, ತಡೆಯಲಾರದೆ. ಸನಮ ಕಾರ್ಡು ನೋಡಿದಳು. ಇದರ ವಿರುದ್ಧ ನಿಯಮವಿರಲಿಲ್ಲ.

ಬಾಗಿಲು ತೆರೆದವಳು ಗಂಗಾದೇವಿ ಕಾಕು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟಿನಲ್ಲಿ ಎರಡೂ ಆಡುವ ದುಂಡನೆಯ ಹೆಂಗಸು. ಇಬ್ಬರು ಹುಡುಗಿಯರನ್ನು ಕಂಡು ಮುಖ ಅರಳಿಸಿದಳು. “ಅಗಬಾಯಿ! ನಮ್ಮ ನಿಂಗವ್ವನ ಮೊಮ್ಮಗಳಲ್ಲೇನ ನೀ? ಬಾ ಬಾ, ಆತ ಯೇ. ಹೊರಗ ಯಾಕ ನಿಂತೀರಿ? ಒಳಗ ಬರ್ರಿ, ಪೋಹೆ ಹಚ್ಚೇನಿ.”

“ಇಲ್ಲರಿ ಕಾಕು, ಒಳಗ ಬರಂಗಿಲ್ಲ. ನಾನಖಟಾಯಿ ಮಾರಾಕ ಬಂದೇವ್ರಿ. ನಮ್ಮ ಡೇರೆಕ್ಕ.”

“ಹೌದಾ? ಮಸ್ತ. ಎರಡ ಕೊಡು.” ಗಂಗಾದೇವಿ ಸೆರಗಿನ ಗಂಟು ಬಿಚ್ಚಿ ನೋಟು ತೆಗೆದಳು. ಸನಮ ಎರಡು ಪೊಟ್ಟಣ ಚಾಚಿದಳು. ಕೈ ಹೊಸ್ತಿಲ ಮೇಲೆ ಬಂದದ್ದೇ ತಡ, ಕಾಕು ಹಾವು ಕಂಡವಳಂತೆ ಹಿಂದೆ ಸರಿದಳು.

“ಹೇ! ಹಂಗ ಅಲ್ಲ ಬಾಳಾ. ಹೊಸ್ತಿಲದ ಮ್ಯಾಲಿಂದ ಕೊಟ್ಟು ತಗೊಂಡು ಮಾಡಬಾರದು. ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ವ್ಯವಹಾರ ಮಾಡಿದ್ರ ಲಕ್ಷ್ಮೀಗಿ ಅಡ್ಡಗಾಲ ಹಾಕಿದಂಗ. ಒಳಗ ಬಂದು ಕೊಡು.”

“ನಮಗ ಒಳಗ ಬರಾಕ ಬರಂಗಿಲ್ಲರಿ,” ಎಂದ ಸನಮ ಕಾರ್ಡು ಎತ್ತಿ ಓದಿಯೇ ಬಿಟ್ಟಳು: “ಮೂರು. ಪರಿಚಿತರಾಗಲಿ ಅಪರಿಚಿತರಾಗಲಿ, ಯಾರ ಮನೆಯ ಬಾಗಿಲೊಳಗೂ ಯಾವ ಕಾರಣಕ್ಕೂ ಕಾಲಿಡಬಾರದು.”

“ಹಂಗಾದ್ರ ಮಾರೂದು ಹೆಂಗ?”

ಪ್ರಶ್ನೆ ಸರಿಯಾಗಿತ್ತು. ಕಾರ್ಡಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ನಿಯಮಗಳನ್ನು ಬರೆದವರು ಡೋರ್‌ಬೆಲ್ ಊರಿನವರು, ಹೊಸ್ತಿಲಿನವರಲ್ಲ. ನೋಟು ಒಳಗೆ, ಪೊಟ್ಟಣ ಹೊರಗೆ, ನಡುವೆ ನಾಲ್ಕು ಬೆರಳಿನ ಒಂದು ಹಲಗೆ. ಹಲಗೆಯ ಆ ಬದಿ ಲಕ್ಷ್ಮಿ, ಈ ಬದಿ ಮೂರನೆಯ ನಿಯಮ. ಇಬ್ಬರೂ ಹಟಮಾರಿಗಳು.

ಎರಡನೆಯ ಮನೆಯಲ್ಲಿ ಚಹಾ ತಂದಿಟ್ಟು ಕರೆದರು, ಒಳಗೆ. ಮೂರನೆಯ ಮನೆಯಲ್ಲಿ ಸಣ್ಣ ಕೂಸೊಂದು ಪೊಟ್ಟಣ ಕಸಿಯಲು ಓಡಿ ಬಂತು. ಅದರ ಅಜ್ಜಿ ಚಡ್ಡಿ ಹಿಡಿದು ಹೊಸ್ತಿಲ ಮೇಲಿಂದ ವಾಪಸು ಎಳೆದುಕೊಂಡಳು. ನಾಲ್ಕನೆಯ ಮನೆಯವರು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿಯೇ ಬಾಗಿಲು ತೆರೆದಂತಿತ್ತು. ಹೆಸರಿನಲ್ಲೇ ಖಾನಾ ಇರುವ ಊರು, ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದೆಂದರೆ ಊರಿಗೇ ಅವಮಾನ. ಪ್ರತಿ ಬಾಗಿಲಲ್ಲಿಯೂ ಪ್ರೀತಿ ಇತ್ತು, ಹಸಿವಿತ್ತು, ಕೊಳ್ಳುವ ಮನಸ್ಸಿತ್ತು, ಮತ್ತು ಒಂದು ಹೊಸ್ತಿಲು. ಒಂದು ತಾಸಾದರೂ ಎರಡು ಡಬ್ಬದಲ್ಲಿ ಒಂದು ಪೊಟ್ಟಣವೂ ಕಡಿಮೆಯಾಗಲಿಲ್ಲ.

“ಏ ಪದ್ಮಿ, ಕಾಲ ಒಳಗ ಇಡಬಾರದಂತೈತಿ. ಕೈಯೂಂದು ಒಳಗ ಇಟ್ರ?” ಎಂದಳು ಸನಮ.

“ಕೈ ಇಟ್ರ ಲಕ್ಷ್ಮಿ ಬೈತಾಳ.”

“ಬಕೀಟಿಗಿ ಹಗ್ಗಾ ಕಟ್ಟಿ ಕಿಡಕ್ಯಾಗಿಂದ?”

“ನಡೀ ಸಾಕು. ನಿಂಗವ್ವ ಆಯಿ ಮನಿ ಬಂತು. ಆಕಿ ತಗೊಂಡ್ಳಂದ್ರ ಓಣಿ ತಗೋತೈತಿ.”

ಅದು ನಿಜವಿತ್ತು. ನಿಂಗವ್ವ ಎಪ್ಪತ್ತು ದಾಟಿದವಳು, ಓಣಿಯ ಕೊನೆಯ ಮಾತು. ಅವಳ ಮಾತಿಗೊಂದು ಮುಂಡಾಸು, ಒಂದು ಮೆಟ್ಟು: ‘ಅಲ್ಲಾ...’ ಎಂದು ರಾಗ ಎಳೆದು ಶುರು ಮಾಡಿ, ‘ಹೌದೋ ಅಲ್ಲೋ?’ ಎಂದು ಬಡಿದು ಮುಗಿಸುವಳು. ನಡುವೆ ಯಾರಿಗೂ ಬಾಯಿ ತೆರೆಯಲು ಜಾಗವಿರುತ್ತಿರಲಿಲ್ಲ.

“ಅಲ್ಲಾ... ಯಾರಿದು ನಮ್ಮ ನಾಗೂನ ಮಗಳು! ಎಷ್ಟ ಎತ್ತರ ಆಗೀಯವಾ! ಬಾ, ಒಳಗ ಬಾ, ಜೋಡಿಗಿ ಬಂದ ಹುಡುಗೀನೂ ಕರಕೊಂಡ ಬಾ, ಕಾಲ ತೊಳಕೋರಿ, ಹೋಳಗಿ ಹಿಟ್ಟ ಅದ, ಈಗ ತಟ್ಟತೇನಿ, ಹೌದೋ ಅಲ್ಲೋ?”

“ಆಯೀ,” ಎಂದಳು ಪದ್ಮಶ್ರೀ. “ನಾ ಇವತ್ತ ಒಳಗ ಬರಂಗಿಲ್ಲ.”

ನಿಂಗವ್ವ ನಕ್ಕಳು. ಆಮೇಲೆ ಹುಡುಗಿಯ ಕಾಲು ಹೊಸ್ತಿಲ ಹೊರಗೇ ನಿಂತಿದ್ದು ನೋಡಿದಳು. ನಗು ನಿಂತಿತು. ಬಳಗದವರು ಬಾಗಿಲ ತನಕ ಬಂದು ಒಳಗೆ ಕಾಲಿಡದೆ ನಿಂತರೆ ಆ ಕಡೆ ಅದಕ್ಕೆ ಒಂದೇ ಅರ್ಥ. ಬಾಯಲ್ಲಿ ಹೇಳುವುದಕ್ಕಿಂತ ಗಟ್ಟಿಯಾಗಿ ಹೇಳುವ ರೀತಿ ಅದು: ನಮಗೂ ನಿಮಗೂ ಇನ್ನು ಸಂಬಂಧವಿಲ್ಲ.

“ಅಲ್ಲಾ... ನಿಮ್ಮವ್ವ ಕಳಿಸ್ಯಾಳೇನ ಹೀಂಗ ನಿಲ್ಲಂತ?”

“ಇಲ್ಲಾ ಆಯಿ, ನಿಯಮ ಐತಿ...”

“ನನಗ ಗೊತ್ತಾತು ಬಿಡು. ಲಗ್ನದಾಗ ಆಕಿ ಮಾರಿ ನೋಡೇ ಅಂದಕೊಂಡಿದ್ದೆ. ಆಯೇರಿ ಸೀರಿ ಮನಸಿಗಿ ಬಂದಿಲ್ಲ. ಏನ ಅಂದ್ಲು ಹೇಳು.”

ಪದ್ಮಶ್ರೀ ತುಟಿ ಬಿಗಿದಳು. ಎಲ್ಲ ಧ್ವನಿಗಳೂ ಬರುತ್ತಿದ್ದ ಬಾಯಿಗೆ ಮೌನ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ನಿಂಗವ್ವ ಸನಮಳ ಕಡೆ ತಿರುಗಿದಳು. “ನೀ ಹೇಳ ತಂಗಿ. ಈಕಿ ಅವ್ವ ಸೀರಿಗಿ ಏನ ಅಂದ್ಲು?”

ಪದ್ಮಶ್ರೀ ಸನಮಳ ಕಾಲು ತುಳಿಯುವಷ್ಟರಲ್ಲಿ ಉತ್ತರ ಹೊರಬಿದ್ದಾಗಿತ್ತು.

“ಸೊಳ್ಳಿ ಪರದಿ ಅಂದ್ರಂತರಿ.”

ನಿಂಗವ್ವ ‘ಅಲ್ಲಾ’ ಕೂಡ ಅನ್ನಲಿಲ್ಲ. ಮೆಲ್ಲಗೆ ಬಾಗಿಲ ಒಳಗಿನ ಸ್ಟೂಲಿನ ಮೇಲೆ ಕುಳಿತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ಅಷ್ಟು ದೊಡ್ಡ ಧ್ವನಿಯ ಆಯಿ ಅಷ್ಟು ಸಣ್ಣ ಹೆಂಗಸಾಗಿದ್ದನ್ನು ಪದ್ಮಶ್ರೀ ಹಿಂದೆಂದೂ ನೋಡಿರಲಿಲ್ಲ.

“ನಾನ ಹುಬ್ಬಳ್ಳಿ ತನಕ ಹೋಗಿ ಆರಿಸಿ ತಂದಿದ್ದೆ,” ಎಂದಳು ಆಯಿ, ಅಂಚಿಗೆ ಹೇಳಿದಂತೆ.

ಒಂದು ಹೆಜ್ಜೆ. ಒಂದೇ ಹೆಜ್ಜೆ ಒಳಗಿಟ್ಟು ಆಯಿಯ ಕೊರಳಿಗೆ ಬಿದ್ದರೆ ಎಲ್ಲ ಸರಿಹೋಗುತ್ತಿತ್ತು. ಪದ್ಮಶ್ರೀ ತಿರುಗಿ ನೋಡಿದಳು. ಲೈಟಿನ ಕಂಬದ ಹತ್ತಿರ ಮೇಡಂ ಇರಲಿಲ್ಲ! ಓಣಿ ಖಾಲಿ. ನೋಡುವವಳು ಸನಮ ಒಬ್ಬಳೇ. ಆದರೆ ಸನಮ ನೋಡಿದಳೆಂದರೆ ಒಂದಲ್ಲ ಒಂದು ದಿನ ಯಾರಾದರೂ ಅವಳನ್ನು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಒಂದು ಕಡೆ ಶಿಬಿರ, ಒಂದು ತಾಸು, ಕುತ್ತಿಗೆಯ ಸ್ಕಾರ್ಫು. ಇನ್ನೊಂದು ಕಡೆ ಸ್ಟೂಲಿನ ಮೇಲೆ ಆಯಿ. ಪದ್ಮಶ್ರೀಯ ಬಲಗಾಲು ನೆಲ ಬಿಟ್ಟು ಒಂದು ಗೇಣು ಮೇಲೆದ್ದು ಹಾಗೇ ನಿಂತಿತು.

ಆಮೇಲೆ ಅದು ವಾಪಸು ಇಳಿಯಿತು.

“ಆಯೀ, ನಾ ಬರಾಕ ಆಗಂಗಿಲ್ಲ. ನೀನ ಹೊರಗ ಬಾ.”

“ನಾ ಯಾಕ ಬರ್ಲಿ? ನಮ್ಮ ಮನ್ಯಾಗ ನಾ ಅದೇನಿ.”

ಪದ್ಮಶ್ರೀ ಕಟ್ಟೆಯನ್ನು ನೋಡಿದಳು. ಬಾಗಿಲ ಹೊರಗೆ, ಓಣಿಯ ಒಳಗೆ, ಇಬ್ಬರಿಗೂ ಸೇರಿದ್ದು. ಸನಮಳೂ ನೋಡಿದಳು, ಕಾರ್ಡು ತೆರೆದಳು, ಬೆರಳಿಟ್ಟು ಮೂರನೆಯದನ್ನು ಎರಡು ಸಲ ಓದಿದಳು. “ಬಾಗಿಲೊಳಗೂ ಅಂತೈತಿ. ಕಟ್ಟಿ ಅಂತಿಲ್ಲ.”

ಅಷ್ಟು ಸಾಕಿತ್ತು. ಪದ್ಮಶ್ರೀ ಡಬ್ಬದ ಮುಚ್ಚಳದ ರಟ್ಟು ಹರಿದು ಕಟ್ಟೆಯ ಮೇಲೆ ಹಾಸಿದಳು. ಇಬ್ಬರ ಕರವಸ್ತ್ರಗಳನ್ನು ಅದರ ಮೇಲೆ ಬಿಡಿಸಿದಳು. ನೀರಿನ ಬಾಟಲಿ ನಡುವೆ ಇಟ್ಟು, ಬದಿಗೆ ಒಂದು ನಾನಖಟಾಯಿ ಪೊಟ್ಟಣ ಇಟ್ಟಳು. ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟಳು. ಈಗ ಅವಳು ಕಟ್ಟೆ ಎಂಬ ಮನೆಯ ಯಜಮಾನಿ, ಬಾಗಿಲೊಳಗೆ ಕುಳಿತವಳು ಬಂದ ಬೀಗಿತ್ತಿ. ಕರೆಯಬೇಕೆಂದು ಬಾಯಿ ತೆರೆದಳು, ಮತ್ತು ಬಾಯಿ ತನ್ನ ಕೆಲಸ ತಾನು ಮಾಡಿತು.

“ಅಲ್ಲಾ... ಯಾರಿದು ನಮ್ಮ ನಿಂಗವ್ವ ಬಂದಾಳ! ಹೊರಗ ಬಾ ಯವ್ವಾ, ಅಲ್ಲೇ ಒಳಗ ಯಾಕ ನಿಂತಿ, ಪರಕ್ಯಾರಂಗ? ಕುಂದರ್ರಿ, ಕಾಲ ಚಾಚರಿ, ನೀರ ಕುಡೀರಿ, ನಾನಖಟಾಯಿ ಈಗ ಭಟ್ಟಿಯಿಂದ ಇಳದಾವ, ಒಂದ ತಿಂದ ಹೋಗ್ರಿ, ನಮ್ಮ ಮನಿಯಿಂದ ಹಂಗ ಹೋದೋರ ಯಾರದಾರ, ಹೌದೋ ಅಲ್ಲೋ?”

ಸನಮ ಬಾಯಿಗೆ ಕೈ ಅಡ್ಡ ಹಿಡಿದಳು. ಎದುರುಮನೆಯ ಕಿಟಕಿ ತೆರೆಯಿತು. ನಿಂಗವ್ವ ತಲೆಯೆತ್ತಿದಳು. ಎಪ್ಪತ್ತು ವರ್ಷ ಜನರನ್ನು ಕರೆದವಳು ಅವಳು. ಯಾರೂ ಅವಳನ್ನು ಅಷ್ಟು ಬಲವಾಗಿ ಕರೆದಿರಲಿಲ್ಲ. ಕರೆದಾಗ ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ ಏಳಬೇಕು ಎಂಬುದು ರಕ್ತದಲ್ಲಿಯೇ ಇದ್ದ ರೂಢಿ.

“ಬ್ಯಾಡವಾ, ಈಗ ಊಟ ಆಗೇತಿ,” ಎಂದಳು.

“ಹಂಗಂದ್ರ ಹೆಂಗ? ಒಂದ!”

“ಬ್ಯಾಡ, ಸಕ್ಕರಿ ಅದ ನನಗ.”

“ಅರ್ಧಾ!”

ನಿಂಗವ್ವ ಎದ್ದಳು. ಹೊಸ್ತಿಲು ದಾಟಿದಳು. ಕಟ್ಟೆಯ ಮೇಲೆ ಕರವಸ್ತ್ರದ ಚಾಪೆಯ ಮೇಲೆ ಕುಳಿತು, ಕಾಲು ಚಾಚಿ, ಅರ್ಧವನ್ನು ಬಾಯಿಗೆ ಹಾಕಿಕೊಂಡಳು. ಉಳಿದ ಅರ್ಧವೂ ಅದರ ಹಿಂದೆಯೇ ಹೋಯಿತು. ಪದ್ಮಶ್ರೀ ಪಕ್ಕದಲ್ಲಿ ಕುಳಿತು ಅವಳ ತೋಳಿಗೆ ತಲೆಯಿಟ್ಟಳು.

“ಅವ್ವಗ ಸಿಟ್ಟಿಲ್ಲ ಆಯಿ. ಮಾತ ಬಾಯಾಗ ಬಂತಂದ್ರ ಬಿಟ್ಟ ಬಿಡ್ತಾಳ, ಅಷ್ಟ. ನನಗೂ ಅದ ಬ್ಯಾನಿ.”

“ಸೊಳ್ಳಿ ಪರದಿ!” ನಿಂಗವ್ವ ನುಂಗಿದಳು. ಅವಳ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು, ಕೊನೆಗೆ ನಗು ಹೊರಗೆ ಬಂತು. “ಖರೇನ ಐತಿ ಬಿಡು. ಆ ಅಂಗಡ್ಯಾಂವ ಲೈಟ ಹಚ್ಚಿ ಹಚ್ಚಿ ತೋರಿಸಿದಾ. ಮನಿಗಿ ತಂದ ಬೆಳಕಿಗಿ ಹಿಡದ್ರ ಆ ಕಡೆ ಗ್ವಾಡಿ ಕಾಣತಿತ್ತು! ಅವ್ವಗ ಹೇಳು, ಬದಲಿ ಕೊಡಸ್ತೇನಿ, ತಾನ ಬಂದ ಆರಿಸ್ಕೊ ಅಂತ. ಈಗ ಆ ಪುಡಕಿ ನಾಕ ಕೊಡು.”

ಕಟ್ಟೆಯ ಮೇಲೆ ನಾಲ್ಕು ಪೊಟ್ಟಣ ಕೈ ಬದಲಾದವು. ನಡುವೆ ಹೊಸ್ತಿಲಿರಲಿಲ್ಲ, ಲಕ್ಷ್ಮಿಯ ತಕರಾರೂ ಬರಲಿಲ್ಲ. ಎದುರುಮನೆಯವಳು ಕಿಟಕಿಯಿಂದ ನೋಡಿ ತಾನೂ ಬಂದು ಕುಳಿತಳು. ಉಪ್ಪಿಟ್ಟಿನ ಮನೆಯವರು ಉಪ್ಪಿಟ್ಟು ಹಿಡಿದೇ ಬಂದರು. ಕೂಸಿನ ಅಜ್ಜಿ ಕೂಸನ್ನು ಕಂಕುಳಿಗೇರಿಸಿಕೊಂಡು ಬಂದಳು. ಕೂಸು ಈ ಸಲ ಯಾರ ಅಪ್ಪಣೆಗೂ ಕಾಯಲಿಲ್ಲ. ಸನಮ ಎರಡೂ ಕೈಯಿಂದ ಪೊಟ್ಟಣ ಕೊಟ್ಟಳು, ಪ್ರತಿಯೊಬ್ಬರಿಗೂ ಥ್ಯಾಂಕ್ಯೂ ಹೇಳಿದಳು, ಕೊಳ್ಳದೆ ಬರೀ ನೋಡಲು ಬಂದ ಒಬ್ಬ ಅಜ್ಜನಿಗೆ ಎರಡು ಸಲ ಹೇಳಿದಳು. ಅಜ್ಜ ನಾಚಿ ಒಂದು ಕೊಂಡ. ಅರ್ಧ ತಾಸಿನಲ್ಲಿ ಡಬ್ಬದ ತಳ ಕಂಡಿತು.

ಆಗ ಓಣಿಯ ಆ ತುದಿಯಿಂದ ಗಂಗಾದೇವಿ ಕಾಕು ಬಂದಳು. ಅವಳ ಹಿಂದೆ ಪ್ರಮಿಳಾ ಮೇಡಂ, ಹಣೆಯಲ್ಲಿ ಹೊಸ ಕುಂಕುಮ, ತುಟಿಯ ಮೂಲೆಯಲ್ಲಿ ಪೋಹೆಯದೊಂದು ಸಾಸಿವೆ ಕಾಳು. ಬಿಸಿಲಲ್ಲಿ ನಿಂತ ಹೆಂಗಸನ್ನು ಕಾಕು ಕೈ ಹಿಡಿದು ಎಳೆದೊಯ್ದಿದ್ದಳು. ಮೇಡಂಗೆ ಹತ್ತು ನಿಯಮ ಗೊತ್ತಿದ್ದವು, ಕಾಕುವಿನ ಹಿಡಿತ ಬಿಡಿಸಿಕೊಳ್ಳುವುದು ಗೊತ್ತಿರಲಿಲ್ಲ.

“ಎಲ್ಲಾ ಖಾಲೀನ?” ಮೇಡಂ ಡಬ್ಬದೊಳಗೆ ಬಗ್ಗಿ ನೋಡಿದರು. “ಒಳಗ ಯಾರರ ಹೋಗಿದ್ರೇನು?”

“ಇಲ್ಲರಿ ಮೇಡಂ,” ಎಂದಳು ಸನಮ. ಸನಮ ಹೇಳಿದಳೆಂದರೆ ಪಂಚನಾಮೆ ಮುಗಿದಂತೆ. ಮೇಡಂ ಅವರ ಮುಖ ಸಡಿಲಾಯಿತು.

ಪದ್ಮಶ್ರೀಗೆ ಆಗ ಹನ್ನೊಂದನೆಯ ನಿಯಮ ನೆನಪಾಯಿತು. ಅಷ್ಟು ಹೊತ್ತು ಆಯಿಯ ಸ್ಟೂಲು, ಆಯಿಯ ನಗು, ಪೊಟ್ಟಣ ಎಂಬ ಗದ್ದಲದಲ್ಲಿ ಅವಳಿಗೆ ಅದು ಹೊಳೆದೇ ಇರಲಿಲ್ಲ. ಮೇಡಂ ಕಾಕುವಿನ ಅಡುಗೆಮನೆಯಲ್ಲಿದ್ದರು. ಏನೂ ಕೇಳಿಸಿಕೊಂಡಿಲ್ಲ. ಸನಮಳನ್ನು ಇನ್ನು ಯಾರೂ ಏನೂ ಕೇಳುವಂತಿರಲಿಲ್ಲ. ಸುಮ್ಮನಿದ್ದರೆ ಮುಗಿಯಿತು. ಆದರೆ ಆಯಿಯ ತೋಳು ಇನ್ನೂ ಅವಳ ತೋಳಿಗೆ ತಾಗಿಯೇ ಇತ್ತು. ಕದ್ದುಮುಚ್ಚಿ ಆಡಿದ ಮಾತು ಎಲ್ಲೆಲ್ಲಿ ಹೋಗಿ ಬೀಳುತ್ತದೆಂಬುದನ್ನು ಅವಳು ಈಗಷ್ಟೇ ಕಂಡಿದ್ದಳು. ಅವಳ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು. ಗಂಟು ಬಿಗಿಯಾಗಿತ್ತು. ಬಿಚ್ಚಲು ಹೊತ್ತು ಹಿಡಿಯಿತು.

“ಮೇಡಂ, ನಾ ಹನ್ನೊಂದನೇದ ಮುರದೇನ್ರಿ. ಆಯಿಗಿ ಆಯಿಯಂಗ ಮಾತಾಡಿ ಕರದೆ. ಬೇಕಂತ ಅಲ್ಲ. ಆದ್ರ ಮಾತಾಡೇನಿ.” ಸ್ಕಾರ್ಫನ್ನು ಎರಡು ಮಡಿಕೆ ಮಾಡಿ ಚಾಚಿದಳು.

ಕಟ್ಟೆಯ ಮೇಲಿನ ಬಾಯಿಗಳೆಲ್ಲ ಅಗಿಯುವುದನ್ನು ನಿಲ್ಲಿಸಿದವು. ಮೇಡಂ ಸ್ಕಾರ್ಫನ್ನು ತೆಗೆದುಕೊಂಡರು. ಹೇಳಿದ್ದನ್ನು ಮಾಡುವವರಲ್ಲವೇ. ಪದ್ಮಶ್ರೀ ತನ್ನ ಬೂಟಿನ ತುದಿ ನೋಡುತ್ತ ನಿಂತಳು. ಬೂಟಿನ ಲೇಸು ಒಂದಿದ್ದದ್ದು ಎರಡಾಗಿ ಕಂಡಿತು.

“ನಾನೂ ಕಂಬದ ಹಂತ್ಯಾಕ ಇರಲಿಲ್ಲ,” ಎಂದರು ಮೇಡಂ, ಸಾಸಿವೆ ಕಾಳು ಒರೆಸಿಕೊಳ್ಳುತ್ತ. “ಅದನ್ನ ಮೊದಲ ಹೇಳ್ತೇನಿ. ಇನ್ನ ನಿಂದು. ಆ ನಿಯಮ ನಾ ಯಾಕ ಬರದೆ? ಬಂಡೆಪ್ಪನವರಿಗಿ ಬ್ಯಾಸರ ಆತಂತ. ಮತ್ತೊಬ್ಬರಿಗಿ ಆಗಬಾರದಂತ. ಹಂಗಾದ್ರ ಅವರನ್ನ ಕೇಳೂಣು.” ನಿಂಗವ್ವನ ಕಡೆ ತಿರುಗಿದರು. “ಅಜ್ಜಿ, ಈ ಹುಡುಗಿ ನಿಮ್ಮ ಧ್ವನಿ ಅಣಕಿಸ್ಯಾಳಂತ. ನಿಮಗ ಬ್ಯಾಸರಾತೇನ್ರಿ? ಖರೇ ಹೇಳ್ರಿ. ಆಗಿದ್ರ ಈಕಿ ಶಿಬಿರಕ್ಕ ಬರಂಗಿಲ್ಲ.”

ನಿಂಗವ್ವ ಕೈಯಲ್ಲಿದ್ದ ನಾನಖಟಾಯಿಯನ್ನು ಮಡಿಲಲ್ಲಿಟ್ಟಳು. ಹುಬ್ಬು ಮೇಲೇರಿದವು.

“ಅಲ್ಲಾ... ನನ್ನ ಧ್ವನಿ? ಯಾವಾಗ?”

“ಈಗ ಕರದ್ಲಲ್ಲ, ಕಟ್ಟಿ ಮ್ಯಾಲಿಂದ,” ಎಂದಳು ಎದುರುಮನೆಯವಳು.

“ಅದು ನನ್ನದೇನು? ನಾ ಎಲ್ಲಿ ಹಂಗ ಮಾತಾಡ್ತೇನಿ? ಅಷ್ಟ ರಾಗಾ ಎಳದು, ಅಷ್ಟ ಒದರಿ! ನನ್ನ ಮಾತ ಎಷ್ಟ ಮೆತ್ತಗ ಅದ! ಅದು ಗಂಗಾದೇವಿದು. ಗಂಗಾದೇವೀನ ಹಂಗ ಒದರೂದು, ಹೌದೋ ಅಲ್ಲೋ?”

“ಮೀ?” ಗಂಗಾದೇವಿ ಎದೆಯ ಮೇಲೆ ಕೈಯಿಟ್ಟಳು. “ನಾ ಮನ್ಯಾಗ ಪೋಹೆ ಬಡಸ್ತಿದ್ದೆ, ಇಲ್ಲಿ ನೀ ಒದರಿದ್ದು ಕೇಳಿಸ್ತು. ಈ ಮೇಡಮ್ಮಿಗಿ ಹೇಳಿದೆ, ‘ಐಕಾ, ನಿಂಗವ್ವ ಯಾರನ್ನೋ ಊಟಕ್ಕ ಕರ‍್ಯಾಕತ್ತಾಳ’ ಅಂತ. ಹುಬೇಹೂಬ ನೀನ!”

“ನಾ ಬಾಯೇ ತಗದಿದ್ದಿಲ್ಲ!”

“ಅದಕ್ಕ ಅಂತೇನಿ, ನಿನ್ನಂಗ ಇತ್ತಂತ!”

ಇಬ್ಬರ ನಡುವೆ ಕೂಸಿನ ಅಜ್ಜಿ ಬಾಯಿ ಹಾಕಿದಳು. ಅದು ಖಂಡಿತ ನಿಂಗವ್ವನದಲ್ಲ, ತೀರಿಹೋದ ಅವಳ ಅತ್ತೆಯದು ಎಂದಳು. ಆಗ ನಿಂಗವ್ವನಿಗೆ ನಿಜವಾಗಿಯೂ ಸಿಟ್ಟು ಬಂತು, ಹುಡುಗಿಯ ಮೇಲಲ್ಲ. ಉಪ್ಪಿಟ್ಟಿನವರು ಬಗೆಹರಿಸಲು ಹೋಗಿ ಎರಡು ಪಂಗಡವಾದರು. ನೋಡಲು ಬಂದಿದ್ದ ಅಜ್ಜ ಮಾತ್ರ ಮೂಲೆಯಲ್ಲಿ ಕುಳಿತು ತನ್ನ ಪೊಟ್ಟಣ ಬಿಚ್ಚಿದ.

ಮೇಡಂ ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದರು. ಪದ್ಮಶ್ರೀಯ ಗದ್ದ ಹಿಡಿದು ಮೇಲೆತ್ತಿದರು. ಸ್ಕಾರ್ಫಿನ ಮಡಿಕೆ ಬಿಚ್ಚಿ, ಕುತ್ತಿಗೆಗೆ ಹಾಕಿ, ಗಂಟು ಹಾಕತೊಡಗಿದರು. ತಾವೇ ಕಲಿಸಿದ ಗಂಟು ಅದು. ನಕ್ಕು ನಕ್ಕು ಅವರಿಗೇ ಎರಡು ಸಲ ತಪ್ಪಿತು.

“ದೂರ ಕೊಡಾವ್ರ ಯಾರೂ ಇಲ್ಲ,” ಎಂದರು ಮೆಲ್ಲಗೆ. “ಶಿಬಿರಕ್ಕ ಬರಾವಾಗ ದಪ್ಪನ್ನ ಹೊದಿಕಿ ತಗೊಂಡ ಬಾ. ಅಲ್ಲಿ ಥಂಡಿ ಭಾಳ.”

ಪದ್ಮಶ್ರೀಗೆ ಏನಾದರೂ ಹೇಳಬೇಕಿತ್ತು. ಬಾಯಿ ತೆರೆದಳು. ಬಂಡೆಪ್ಪನವರು ಬರಲಿಲ್ಲ, ಕಂಡಕ್ಟರು ಬರಲಿಲ್ಲ, ಆಯಿಯೂ ಬರಲಿಲ್ಲ.

“ಹ್ಞೂಂ ರೀ,” ಎಂದಳು, ಹನ್ನೊಂದು ವರ್ಷದ ಹುಡುಗಿಯ ಹಾಗೆ.

ಕಟ್ಟೆಯ ಮೇಲೆ ನಿಂಗವ್ವ ಈಗ ಎದ್ದು ನಿಂತಿದ್ದಳು. ತನ್ನ ಮಾತು ಎಷ್ಟು ಮೆತ್ತಗೆಂಬುದನ್ನು ಓಣಿಯ ಆ ತುದಿಗೂ ಕೇಳುವಂತೆ ವಿವರಿಸುತ್ತಿದ್ದಳು.